ಮನೆಯ ಚಾವಣಿಯ ಜ್ಯಾಮಿತೀಯ ವರ್ಣಾಲಂಕಾರ

ಮನೆಯ ಚಾವಣಿಯ ಜ್ಯಾಮಿತೀಯ ವರ್ಣಾಲಂಕಾರ ಎಂದರೆ ವಾಸದ ಕೋಣೆಯ ಚಾವಣಿಯ ಒಳಮೈ ಮೇಲೆ ಸರಳರೇಖೆ, ವೃತ್ತ, ಬಹುಭುಜ, ನಕ್ಷತ್ರ ಮೊದಲಾದ ಆಕೃತಿಗಳನ್ನು ಅಳತೆಗೆ ಅನುಗುಣವಾಗಿ ಜೋಡಿಸಿ ಬಣ್ಣದಲ್ಲಿ ಬರೆಯುವ ಕಲೆ. ದೇವರು, ಮನುಷ್ಯ, ಪ್ರಾಣಿಗಳ ಚಿತ್ರ ಇದರಲ್ಲಿ ಇಲ್ಲ ಅಥವಾ ಗೌಣ. ಎಲೆ, ಹೂ, ಬಳ್ಳಿಗಳು ಬಂದರೂ ಅವು ಗೆರೆ ಹಾಕಿದ ಚೌಕಟ್ಟಿಗೆ ಒಳಪಟ್ಟಿರುತ್ತವೆ. ಈಜಿಪ್ಟಿನ ಅರಮನೆಗಳಿಂದ ಮೊದಲ್ಗೊಂಡು ಮೊರಾಕೊ, ಸಿರಿಯಾ, ಮಧ್ಯ ಏಷ್ಯಾ, ಸ್ಕಾಟ್ಲೆಂಡ್, ಕಾಶ್ಮೀರಗಳವರೆಗೆ ಈ ಕಲೆಯ ಬೇರೆ ಬೇರೆ ಪರಂಪರೆಗಳಿವೆ. ಸಿಮೆಂಟಿನ ಸಮತಟ್ಟು ಚಾವಣಿ ಬಂದ ಮೇಲೆ ಇದು ಬಹುಮಟ್ಟಿಗೆ ಎಮಲ್ಷನ್ ಬಣ್ಣ, ಅಂಟುಪಟ್ಟಿ ಮತ್ತು ಸ್ಟೆನ್ಸಿಲ್‌ಗಳ ಕೆಲಸವಾಗಿದೆ.

ಪರಿಭಾಷೆ

ಕನ್ನಡದಲ್ಲಿ ಚಾವಣಿ ಎಂಬುದು ಮನೆಯ ಮೇಲ್ಹೊದಿಕೆಗೂ ಅದರ ಒಳಮೈಗೂ ಸಲ್ಲುತ್ತದೆ. ಈ ಲೇಖನದಲ್ಲಿ ಅದು ಕೋಣೆಯಲ್ಲಿ ನಿಂತು ತಲೆಯೆತ್ತಿದಾಗ ಕಾಣುವ ಮೈಯನ್ನಷ್ಟೇ ಸೂಚಿಸುತ್ತದೆ. ಹೊರಗಿನ ಹೊದಿಕೆಗೆ ಮಾಡು ಎಂದು ಬಳಸಲಾಗಿದೆ. ತೊಲೆಗಳ ಮೇಲೆ ಅಡ್ಡಲಾಗಿ ಬರುವ ಸಣ್ಣ ಮರಗಳು ಜಂತೆಗಳು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹಲಗೆ ಹೊದಿಸಿ ಮಾಡಿದ ಮರದ ಚಾವಣಿಗೆ ಮುಚ್ಚಿಗೆ ಎಂಬ ಹೆಸರಿದೆ. ಸಂಸ್ಕೃತದ ವಾಸ್ತುಗ್ರಂಥಗಳು ಚಾವಣಿಯನ್ನು ವಿತಾನ ಎನ್ನುತ್ತವೆ. ಚಾಲುಕ್ಯ, ಹೊಯ್ಸಳ ದೇವಾಲಯಗಳ ಕೆತ್ತನೆಯ ಚಾವಣಿಗೆ ಭುವನೇಶ್ವರಿ ಎಂಬ ಹೆಸರು ರೂಢಿಯಲ್ಲಿದೆ. ಅಲಂಕಾರದ ಒಂದು ಸಲದ ಆಕೃತಿಯನ್ನು ಇಲ್ಲಿ ಘಟಕ ಎಂದೂ, ಘಟಕಗಳನ್ನು ಕೂರಿಸುವ ಅದೃಶ್ಯ ಗೆರೆಗಳ ಜಾಲವನ್ನು ಚೌಕುಳಿ ಎಂದೂ, ನಾಲ್ಕು ಗೋಡೆಗಳ ಪಕ್ಕ ಸಾಗುವ ಪಟ್ಟಿಯನ್ನು ಅಂಚು ಎಂದೂ, ಅಂಚಿನೊಳಗಿನ ಭಾಗವನ್ನು ಅಂಗಳ ಎಂದೂ ಕರೆಯಲಾಗಿದೆ.

ಉಗಮ ಮತ್ತು ಇತಿಹಾಸ

ಚಾವಣಿಯ ಜ್ಯಾಮಿತಿ ಮೊದಲಿಗೆ ಚಿತ್ರಕಾರನದಲ್ಲ, ಮನೆ ಕಟ್ಟುವವನದು. ಸಮಾನ ಅಂತರದಲ್ಲಿ ಇಟ್ಟ ತೊಲೆಗಳು ಚಾವಣಿಯನ್ನು ಪಟ್ಟಿಗಳಾಗಿ ಸೀಳುತ್ತವೆ, ಅಡ್ಡ ಬರುವ ಜಂತೆಗಳು ಆ ಪಟ್ಟಿಗಳನ್ನು ಚೌಕಗಳಾಗಿಸುತ್ತವೆ. ಬಣ್ಣದ ಕೆಲಸ ಈ ವಿಭಾಗಗಳನ್ನು ಎತ್ತಿ ತೋರಿಸುವುದರಿಂದ ಶುರುವಾಗಿ, ಮುಂದೆ ಇಲ್ಲದ ವಿಭಾಗಗಳನ್ನು ಇರುವಂತೆ ಕಾಣಿಸುವ ಮಟ್ಟಕ್ಕೆ ಬೆಳೆಯಿತು. ಎರಡನೆಯ ಆಕರ ನೇಯ್ಗೆ. ಚಾಪೆ, ಬಟ್ಟೆ, ಮೇಲ್ಕಟ್ಟುಗಳನ್ನು ತಲೆಯ ಮೇಲೆ ಕಟ್ಟುತ್ತಿದ್ದ ರೂಢಿಯ ನೆನಪು ಹಲವು ದೇಶಗಳ ಚಾವಣಿ ಚಿತ್ರಗಳಲ್ಲಿ ಉಳಿದಿದೆ.

ಪ್ರಾಚೀನ ಈಜಿಪ್ಟಿನ ಹೊಸ ಸಾಮ್ರಾಜ್ಯದ ಕಾಲದ ಥೀಬ್ಸ್ ಸಮಾಧಿಗಳಲ್ಲಿ ಚಾಪೆ, ಬಟ್ಟೆಗಳ ಹೆಣಿಗೆಯನ್ನು ಹೋಲುವ ಅಂಕುಡೊಂಕು ಗೆರೆ, ವಜ್ರಾಕೃತಿ, ಸುರುಳಿಗಳ ಚಾವಣಿಗಳಿವೆ. ವಾಸದ ಕಟ್ಟಡಕ್ಕೆ ಸೇರಿದ ಹಳೆಯ ಉದಾಹರಣೆಗಳಲ್ಲಿ ಮುಖ್ಯವಾದುದು ಮಲ್ಕಾಟಾದಲ್ಲಿದ್ದ ಮೂರನೆಯ ಅಮೆನ್‌ಹೋಟೆಪ್‌ನ ಅರಮನೆಯದು (ಕ್ರಿ.ಪೂ. 14ನೆಯ ಶತಮಾನ). ಅಲ್ಲಿ ಮಣ್ಣಿನ ಗಿಲಾವಿನ ಮೇಲೆ ಸುರುಳಿಗಳ ಜಾಲ ಬರೆದು, ಅದರ ಕಣ್ಣುಗಳಲ್ಲಿ ಪದ್ಮಗಳನ್ನೂ ಎತ್ತಿನ ತಲೆಗಳನ್ನೂ ಕೂರಿಸಲಾಗಿದೆ. ಇದರ ತುಂಡುಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿವೆ. ರೋಮನ್ನರು ಜೊಂಡಿನ ತಡಿಕೆಗೆ ಗಾರೆ ಮೆತ್ತಿ ಚಾವಣಿ ಮಾಡುತ್ತಿದ್ದರು. ಈ ವಿಧಾನವನ್ನು ವಿಟ್ರೂವಿಯಸ್ ತನ್ನ ವಾಸ್ತುಗ್ರಂಥದ ಏಳನೆಯ ಭಾಗದಲ್ಲಿ ವಿವರಿಸಿದ್ದಾನೆ. ತಡಿಕೆ ಕೊಳೆತರೆ ಗಾರೆಯೂ ಬಿದ್ದುಹೋಗುವುದರಿಂದ, ರೋಮನ್ ಮನೆಗಳ ಗೋಡೆಚಿತ್ರಗಳು ಉಳಿದಷ್ಟು ಚಾವಣಿ ಚಿತ್ರಗಳು ಉಳಿದಿಲ್ಲ. ಉಳಿದವನ್ನು ಬಹುಪಾಲು ಚೂರುಗಳಿಂದ ಮತ್ತೆ ಜೋಡಿಸಲಾಗಿದೆ.

ಚೀನಾದ ಡನ್‌ಹುವಾಂಗ್‌ನ ಮೊಗಾವ್ ಗುಹೆಗಳು ವಾಸದ ಮನೆಗಳಲ್ಲ. ಆದರೂ ಕಟ್ಟಡದ ರಚನೆ ಚಿತ್ರವಾಗಿ ಮಾರ್ಪಟ್ಟ ಬಗೆಗೆ ಅವು ಒಳ್ಳೆಯ ಸಾಕ್ಷಿ. ಚೌಕದ ಮೂಲೆಗಳಿಗೆ ಅಡ್ಡಮರ ಇಟ್ಟು, ಒಳಗೆ ಓರೆಯಾಗಿ ತಿರುಗಿದ ಚಿಕ್ಕ ಚೌಕ, ಅದರೊಳಗೆ ಇನ್ನೂ ಚಿಕ್ಕದು, ಹೀಗೆ ಮೇಲೇರುವ ಮಾಡು ಮಧ್ಯ ಏಷ್ಯಾದ ಮನೆಗಳಲ್ಲಿ ರೂಢಿಯಲ್ಲಿತ್ತು. ಮೊಗಾವ್‌ನಲ್ಲಿ ಇದೇ ತಿರುಗುಚೌಕಗಳನ್ನು ಗಾರೆಯ ಮೇಲೆ ಬರಿಯ ಬಣ್ಣದಿಂದ ತೋರಿಸಲಾಗಿದೆ. ಕಲ್ಲಿನಲ್ಲಿ ಇದೇ ಕ್ರಮ ಭಾರತದ ಅನೇಕ ದೇವಾಲಯಗಳಲ್ಲಿ, ಹೊಯ್ಸಳರ ಭುವನೇಶ್ವರಿಗಳಲ್ಲೂ ಕಾಣುತ್ತದೆ.

ಇಸ್ಲಾಮೀ ಜಗತ್ತಿನಲ್ಲಿ ಈ ಕಲೆ ಅತ್ಯಂತ ಸಮೃದ್ಧವಾಗಿ ಬೆಳೆಯಿತು. ಗ್ರನಾಡದ ಅಲ್‌ಹಾಂಬ್ರಾದಲ್ಲಿ ಒಂದನೆಯ ಯೂಸುಫ್‌ನ ಕಾಲದಲ್ಲಿ (1333–1354) ಕಟ್ಟಿದ ರಾಯಭಾರಿಗಳ ಸಭಾಂಗಣಕ್ಕೆ 8,000ಕ್ಕೂ ಹೆಚ್ಚು ಮರದ ತುಂಡುಗಳ ನಕ್ಷತ್ರಜಾಲದ ಚಾವಣಿಯಿದೆ. ಅದು ಏಳು ಸ್ವರ್ಗಗಳ ಸಂಕೇತವೆಂದು ವಿದ್ವಾಂಸರು ಅರ್ಥೈಸಿದ್ದಾರೆ. ಮೊರಾಕೊದಲ್ಲಿ ದೇವದಾರು ಜಾತಿಯ ಮರದ ಮೇಲೆ ಬಣ್ಣ ಬರೆಯುವ ಕಲೆಗೆ ಜುವಾಕ್ ಎಂದು ಹೆಸರು. ಮರಾಕೇಶ್‌ನಲ್ಲಿ 19ನೆಯ ಶತಮಾನದ ಉತ್ತರಾರ್ಧದ ಬಾಹಿಯಾ ಅರಮನೆಯಲ್ಲಿ ಕೋಣೆಯಿಂದ ಕೋಣೆಗೆ ಬದಲಾಗುವ ಇಂಥ ಚಾವಣಿಗಳನ್ನು ನೋಡಬಹುದು. ಡಮಾಸ್ಕಸ್ಸಿನ ಶ್ರೀಮಂತರ ಮನೆಗಳಲ್ಲಿ ಅಜಮಿ ಎಂಬ ವಿಧಾನವಿತ್ತು. ಮರದ ಮೇಲೆ ಜಿಪ್ಸಮ್ ಮತ್ತು ಅಂಟಿನ ಲೇಪದಿಂದ ಗೆರೆಗಳನ್ನು ಉಬ್ಬಿಸಿ, ಆಮೇಲೆ ಬಣ್ಣ ಹಾಗೂ ಲೋಹದ ರೇಕು ಹಚ್ಚುತ್ತಿದ್ದರು. 1707ರ ಕಾಲಸೂಚನೆಯಿರುವ ಇಂಥ ಒಂದು ಕೋಣೆ ಇಡಿಯಾಗಿ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಉಜ್ಬೇಕಿಸ್ತಾನದ ಮನೆಗಳಲ್ಲಿ ತೊಲೆಗಳ ನಡುವೆ ಅರ್ಧದುಂಡನೆಯ ಸಣ್ಣ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ ಒಂದೊಂದಕ್ಕೂ ಬಣ್ಣ ಹಚ್ಚುವ ರೂಢಿಯಿದೆ. ಖೀವಾದ ತಾಶ್ ಹೌಲಿ ಅರಮನೆಯ (1830ರ ದಶಕ) ಮೊಗಸಾಲೆಗಳ ಮೇಲಿನ ವರ್ಣಚಾವಣಿಗಳು ಪ್ರಸಿದ್ಧ.

ಯೂರೋಪಿನಲ್ಲಿ ಸಾಮಾನ್ಯ ನಾಗರಿಕರ ಮನೆಗೆ ಹತ್ತಿರವಾದ ಪರಂಪರೆ ಸ್ಕಾಟ್ಲೆಂಡಿನದು. ಸುಮಾರು 1550ರಿಂದ 1650ರವರೆಗೆ ಅಲ್ಲಿ ಮೇಲಂತಸ್ತಿನ ನೆಲಹಲಗೆಗಳ ಅಡಿಮೈಗೂ ಅವನ್ನು ಹೊತ್ತ ತೊಲೆಗಳಿಗೂ ಸೀಮೆಸುಣ್ಣ, ಅಂಟು ಬೆರೆಸಿದ ಬಣ್ಣದಲ್ಲಿ ಚಿತ್ರ ಬರೆಯುತ್ತಿದ್ದರು. ಎಡಿನ್‌ಬರೊದ ಗ್ಲಾಡ್‌ಸ್ಟನ್ಸ್ ಲ್ಯಾಂಡ್ ಎಂಬ ವರ್ತಕನ ಮನೆಯಲ್ಲಿ 1620ರ ಚಾವಣಿ ಇಂದಿಗೂ ಇದೆ. ಇಂಥ ಅನೇಕ ಚಾವಣಿಗಳು ಮುಂದಿನ ಕಾಲದ ಗಾರೆಯ ಹಿಂದೆ ಮರೆಯಾಗಿದ್ದು, ದುರಸ್ತಿಯ ವೇಳೆ ಬೆಳಕಿಗೆ ಬಂದವು. 18ನೆಯ ಶತಮಾನದಲ್ಲಿ ರಾಬರ್ಟ್ ಆಡಮ್ (1728–1792) ಗಾರೆಯ ತೆಳು ಉಬ್ಬುಗೆರೆಗಳಿಂದ ವೃತ್ತ, ಅಷ್ಟಕೋನಗಳನ್ನು ರಚಿಸಿ ಅವುಗಳ ನಡುವೆ ತಿಳಿ ಹಸಿರು, ಗುಲಾಬಿ ಬಣ್ಣಗಳನ್ನು ತುಂಬಿಸಿದ. ಓವೆನ್ ಜೋನ್ಸ್ 1856ರಲ್ಲಿ ಪ್ರಕಟಿಸಿದ 'ದಿ ಗ್ರಾಮರ್ ಆಫ್ ಆರ್ನಮೆಂಟ್' ನಾನಾ ದೇಶಗಳ ಅಲಂಕಾರಗಳನ್ನು ಬಣ್ಣದ ಫಲಕಗಳಲ್ಲಿ ಒಟ್ಟುಗೂಡಿಸಿತು. ಎಲ್ಲ ಅಲಂಕಾರಕ್ಕೂ ಜ್ಯಾಮಿತೀಯ ತಳಹದಿ ಇರಬೇಕೆಂಬುದು ಅದರ ಸೂತ್ರಗಳಲ್ಲೊಂದು. ಆ ಶತಮಾನದಲ್ಲೇ ಸ್ಟೆನ್ಸಿಲ್ ಮತ್ತು ಉಬ್ಬುಕಾಗದಗಳು ಮಧ್ಯಮ ವರ್ಗದ ಮನೆಗಳ ಚಾವಣಿಗೂ ಅಲಂಕಾರವನ್ನು ಒದಗಿಸಿದವು.

ಭಾರತದಲ್ಲಿ

ಅಜಂತಾದ 1 ಮತ್ತು 2ನೆಯ ಗುಹೆಗಳ ಚಾವಣಿಗಳು (ಕ್ರಿ.ಶ. 5ನೆಯ ಶತಮಾನ) ಭಾರತದಲ್ಲಿ ಉಳಿದಿರುವ ಹಳೆಯ ದೊಡ್ಡ ಉದಾಹರಣೆಗಳು. ಬಂಡೆಯನ್ನು ಕೊರೆದ ಗುಹೆಗೆ ತೊಲೆಯ ಅಗತ್ಯವಿಲ್ಲ. ಆದರೂ ಚಿತ್ರಕಾರರು ಚಾವಣಿಯನ್ನು ಚೌಕ ಮತ್ತು ಆಯತಗಳಾಗಿ ವಿಂಗಡಿಸಿ, ನಡುವೆ ಒಂದರೊಳಗೊಂದು ವೃತ್ತಗಳನ್ನು ಬರೆದು, ಆ ವಿಭಾಗಗಳಿಗೆ ಹಲವು ಬಗೆಯ ಹೂ, ಹಣ್ಣು, ಹಂಸಗಳನ್ನು ತುಂಬಿದ್ದಾರೆ. ಚಿತ್ರಕ್ಕೆ ನೆಲೆ ಸಿದ್ಧಪಡಿಸುವ ಕ್ರಮವನ್ನು ವಿಷ್ಣುಧರ್ಮೋತ್ತರದ ಚಿತ್ರಸೂತ್ರ ಹೇಳುತ್ತದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪವೆಂಬ ಅಂಟು, ಅದಕ್ಕೆ ಬೆರೆಸುವ ಬಿಳಿಮಣ್ಣು, ಕುಂಚಗಳ ವಿವರಗಳಿವೆ. ಕೆಳದಿಯ ಬಸವಭೂಪಾಲನ 'ಶಿವತತ್ತ್ವ ರತ್ನಾಕರ' ಈ ವಿಷಯವನ್ನು ಮತ್ತೆ ಎತ್ತಿಕೊಳ್ಳುತ್ತದೆ.

ವಾಸದ ಮನೆಗಳ ಮಟ್ಟಿಗೆ ಕಾಶ್ಮೀರದ ಖತಂಬಂದ್ ವಿಶಿಷ್ಟವಾದುದು. ತೆಳುವಾದ ಮರದ ಬಹುಭುಜ ತುಂಡುಗಳನ್ನು ತೋಡು ಕೊರೆದ ಪಟ್ಟಿಗಳಲ್ಲಿ ಸಿಕ್ಕಿಸಿ, ಮೊಳೆಯ ಆಸರೆಯಿಲ್ಲದೆ ಒಂದನ್ನೊಂದು ಹಿಡಿದುಕೊಳ್ಳುವಂತೆ ಜೋಡಿಸಲಾಗುತ್ತದೆ. ಶ್ರೀನಗರದ ದೋಣಿಮನೆಗಳಲ್ಲೂ ಇದು ಸಾಮಾನ್ಯ. ಮರದ ಸಹಜ ಬಣ್ಣವನ್ನೇ ಉಳಿಸಿಕೊಳ್ಳುವುದು ಹೆಚ್ಚು. ಪೇಪರ್ ಮಾಶೆಯ ಕುಶಲಕರ್ಮಿಗಳು ಬಣ್ಣ ಬರೆದ ಚಾವಣಿಗಳೂ ಇವೆ. ರಾಜಸ್ಥಾನದ ಶೇಖಾವಟಿಯ ಹವೇಲಿಗಳು, ತಮಿಳುನಾಡಿನ ಚೆಟ್ಟಿನಾಡಿನ ವರ್ತಕರ ಮನೆಗಳು 19 ಮತ್ತು 20ನೆಯ ಶತಮಾನಗಳ ಗೃಹಾಲಂಕಾರಕ್ಕೆ ಹೆಸರಾಗಿವೆ.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಚಾವಣಿಯ ವರ್ಣಚಿತ್ರಕ್ಕೆ ಮುಖ್ಯ ನೆಲೆ ದೇವಾಲಯ ಮತ್ತು ಅರಮನೆ. ಹಂಪಿಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಚಾವಣಿಯಲ್ಲಿ ಪುರಾಣದ ಪ್ರಸಂಗಗಳನ್ನು ಅಲಂಕೃತ ಅಂಚುಪಟ್ಟಿಗಳು ಬೇರ್ಪಡಿಸುತ್ತವೆ. ಈ ಚಿತ್ರಗಳ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಗಡಿಯಾಚೆಯ ಲೇಪಾಕ್ಷಿಯ ವೀರಭದ್ರ ದೇವಾಲಯದ (16ನೆಯ ಶತಮಾನ) ಚಾವಣಿಯಲ್ಲಿ ಸೀರೆಯ ಅಂಚು, ಒಡಲುಗಳನ್ನು ನೆನಪಿಸುವ ವಿನ್ಯಾಸಗಳಿವೆ. ತುಮಕೂರು ಬಳಿಯ ಸೀಬಿಯ ನರಸಿಂಹ ದೇವಾಲಯದಲ್ಲೂ ವರ್ಣಚಾವಣಿ ಉಂಟು. ಶ್ರೀರಂಗಪಟ್ಟಣದ ದರಿಯಾ ದೌಲತ್ (1784) ಹಾಗೂ 1791ರಲ್ಲಿ ಮುಗಿದ ಬೆಂಗಳೂರಿನ ಟಿಪ್ಪು ಅರಮನೆಗಳು ತೇಗದ ಮರದವು. ಅವುಗಳಲ್ಲಿ ಮರುಕಳಿಸುವ ಹೂ ಬಳ್ಳಿಯ ಘಟಕಗಳು ಗೋಡೆ, ಕಮಾನುಗಳಿಂದ ಚಾವಣಿಗೂ ಹಬ್ಬಿವೆ. ಮೈಸೂರು ಅರಮನೆಯ ಕಲ್ಯಾಣಮಂಟಪದ ಅಷ್ಟಕೋನದ ನವಿಲು ಚಾವಣಿ ಹೆಸರಾಂತದ್ದು. ಆದರೆ ಅದು ಬಣ್ಣದ ಗಾಜಿನ ಕೆಲಸವಾದ್ದರಿಂದ ಈ ಕಲೆಯ ವ್ಯಾಪ್ತಿಗೆ ಬರುವುದಿಲ್ಲ.

ಸಾಮಾನ್ಯರ ಮನೆಗಳಲ್ಲಿ ಚಾವಣಿಗೆ ಚಿತ್ರ ಬರೆಯುವ ರೂಢಿ ವ್ಯಾಪಕವಾಗಿ ಬೆಳೆಯಲಿಲ್ಲ. ಸೌದೆ ಒಲೆಯ ಹೊಗೆಗೆ ಚಾವಣಿ ಬೇಗ ಕಪ್ಪಾಗುತ್ತಿತ್ತು, ಮಣ್ಣು ಹೊದಿಸಿದ ಮಾಳಿಗೆ ಮನೆಗಳಲ್ಲಿ ಜಂತೆಗಳ ಸಂದಿಯಿಂದ ಮಣ್ಣು ಉದುರುತ್ತಿತ್ತು. ಅನುಕೂಲಸ್ಥರ ಮನೆಗಳಲ್ಲಿ ಅಲಂಕಾರದ ಭಾರವನ್ನು ಮುಚ್ಚಿಗೆ, ಬೋದಿಗೆ, ಕಂಬಗಳ ಕೆತ್ತನೆಯೇ ಹೊತ್ತಿತು. ಬೆಂಗಳೂರಿನ ಹಳೆಯ ಬಂಗಲೆಗಳ ಮದ್ರಾಸ್ ತಾರಸಿಯಲ್ಲಿ ಒತ್ತಾದ ಮರದ ಜಂತೆಗಳಿಗೆ ಎಣ್ಣೆಬಣ್ಣವನ್ನೂ ನಡುವಿನ ಇಟ್ಟಿಗೆಯ ಭಾಗಕ್ಕೆ ಸುಣ್ಣವನ್ನೂ ಬಳಿಯುತ್ತಿದ್ದರು. ಹೀಗೆ ಮೂಡುವ ಪಟ್ಟೆಗಳೇ ಅಲ್ಲಿನ ಅಲಂಕಾರ. ಜ್ಯಾಮಿತೀಯ ಚಿತ್ರಣ ಮಾತ್ರ ನೆಲ ಮತ್ತು ಗೋಡೆಗಳಲ್ಲಿ ಪುಷ್ಕಳವಾಗಿ ಬೆಳೆಯಿತು. ನೆಲಕ್ಕೆ ಚುಕ್ಕಿ ರಂಗೋಲಿ, ಕರಾವಳಿಯ ಗೋಡೆಗಳಿಗೆ ಬಿಳಿ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೆರೆದು ಮಾಡುವ ಕಾವಿ ಕಲೆ, ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಗೆ ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿಗೆರೆ ಎಳೆಯುವ ಹಸೆ ಚಿತ್ತಾರ ಇದಕ್ಕೆ ನಿದರ್ಶನಗಳು. ಈಚಿನ ಮನೆಗಳ ಚಾವಣಿಗೆ ವಿನ್ಯಾಸಗಳು ಏರಿದ್ದು ಈ ಆಕರಗಳಿಂದಲೂ ಹೌದು.

ವಿನ್ಯಾಸದ ರಚನೆ

ಗೋಡೆಯ ಚಿತ್ರಕ್ಕೆ ಮೇಲು, ಕೆಳಗು ಇರುತ್ತದೆ, ಚಾವಣಿಗೆ ಇರುವುದಿಲ್ಲ. ಬಾಗಿಲಿನಿಂದ ಬರುವವರು, ಎದುರು ಮೂಲೆಯಲ್ಲಿ ಕೂತವರು, ಮಂಚದ ಮೇಲೆ ಮಲಗಿದವರು ಅದನ್ನು ಬೇರೆ ಬೇರೆ ದಿಕ್ಕಿನಿಂದ ನೋಡುತ್ತಾರೆ. ತಿರುಗಿಸಿದರೂ ಬದಲಾಗದ ಆಕೃತಿಗಳು, ಅಂದರೆ ಪದ್ಮ, ನಕ್ಷತ್ರ, ಚೌಕ, ಷಟ್ಕೋನಗಳು, ಚಾವಣಿಗೆ ಹೊಂದಲು ಇದೇ ಕಾರಣ. ಗಣಿತದ ದೃಷ್ಟಿಯಿಂದ, ಒಂದೇ ದಿಕ್ಕಿನಲ್ಲಿ ಮರುಕಳಿಸುವ ಅಂಚಿನ ವಿನ್ಯಾಸಗಳ ಸಮ್ಮಿತಿ 7 ಬಗೆ. ಎರಡು ದಿಕ್ಕಿನಲ್ಲಿ ಹರಡುವ ಅಂಗಳದ ವಿನ್ಯಾಸಗಳದು 17 ಬಗೆ. ಈ ಎರಡನೆಯ ವರ್ಗೀಕರಣವನ್ನು ರಷ್ಯದ ಹರಳುವಿಜ್ಞಾನಿ ಫೆಡರೋವ್ 1891ರಲ್ಲಿ ಸಾಧಿಸಿ ತೋರಿಸಿದ.

ವಿನ್ಯಾಸದ ಮೊದಲ ಹೆಜ್ಜೆ ಚೌಕುಳಿಯನ್ನು ಕೋಣೆಯ ಅಳತೆಗೆ ಹೊಂದಿಸುವುದು. ಉದಾಹರಣೆಗೆ ಕೋಣೆ 12 ಅಡಿಗೆ 10 ಅಡಿ ಇದೆಯೆನ್ನೋಣ. ಸುತ್ತ 1 ಅಡಿ ಅಂಚು ಬಿಟ್ಟರೆ ಅಂಗಳ 10 × 8 ಅಡಿ ಆಗುತ್ತದೆ. 2 ಅಡಿಯ ಚೌಕಗಳು ಉದ್ದಕ್ಕೆ 5, ಅಗಲಕ್ಕೆ 4 ಕೂರುತ್ತವೆ. ಅಗಲದಲ್ಲಿ ಸಮಸಂಖ್ಯೆ ಬಂದದ್ದರಿಂದ ಕೋಣೆಯ ನಡುಬಿಂದು ಎರಡು ಚೌಕಗಳ ಗಡಿಯ ಮೇಲೆ ಬೀಳುತ್ತದೆ, ನಡುವೆ ಪದ್ಮ ಬರೆಯಲು ಚೌಕವೇ ಸಿಗುವುದಿಲ್ಲ. ಅಂಚನ್ನು ಒಂದೂವರೆ ಅಡಿ ಮಾಡಿದರೆ ಅಂಗಳ 9 × 7 ಅಡಿ. 1 ಅಡಿಯ 63 ಚೌಕಗಳಾಗುತ್ತವೆ, ಐದನೆಯ ಸಾಲಿನ ನಾಲ್ಕನೆಯ ಚೌಕ ಕರಾರುವಾಕ್ಕಾಗಿ ನಡುವೆ ನಿಲ್ಲುತ್ತದೆ. ಅಂಚು ಹೀಗೆ ಅಲಂಕಾರಕ್ಕಿಂತ ಹೆಚ್ಚಾಗಿ ಲೆಕ್ಕ ಸರಿದೂಗಿಸುವ ಸಾಧನ. ಗೋಡೆಗಳು ಲಂಬಕೋನದಲ್ಲಿ ಇಲ್ಲದ ಕೋಣೆಗಳಲ್ಲಿ, ಅಂದರೆ ಬಹುಪಾಲು ಕೋಣೆಗಳಲ್ಲಿ, ಆ ಸೊಟ್ಟವನ್ನು ನುಂಗುವುದೂ ಅಂಚೇ. ಅದಕ್ಕಾಗಿ ಅಂಚಿನ ಹೊರಬದಿಯಲ್ಲಿ ಒಂದು ಸಾದಾ ಪಟ್ಟಿ ಬಿಡುತ್ತಾರೆ.

ಚೌಕದಿಂದ ಅಷ್ಟಕೋನ ತೆಗೆಯುವ ಕ್ರಮ ಹಲವು ಪರಂಪರೆಗಳಲ್ಲಿ ಒಂದೇ. ಚೌಕದ ಕರ್ಣದ ಅರ್ಧವನ್ನು ಕೈವಾರದಲ್ಲಿ ಹಿಡಿದು, ಪ್ರತಿ ಮೂಲೆಯಿಂದ ಎರಡು ಪಕ್ಕದ ಬಾಹುಗಳ ಮೇಲೆ ಗುರುತು ಮಾಡಿದರೆ ಎಂಟು ಬಿಂದುಗಳು ದೊರೆಯುತ್ತವೆ. 10 ಅಡಿಯ ಚೌಕದಲ್ಲಿ ಈ ತ್ರಿಜ್ಯ 7.07 ಅಡಿ, ಅಷ್ಟಕೋನದ ಪ್ರತಿ ಬಾಹು 4.14 ಅಡಿ ಬರುತ್ತದೆ. ಷಟ್ಕೋನಕ್ಕೆ ವೃತ್ತದ ತ್ರಿಜ್ಯವನ್ನೇ ಪರಿಧಿಯ ಮೇಲೆ ಆರು ಸಲ ಅಳೆದರೆ ಸಾಕು. ಹತ್ತು ಮೊನೆಗಳ ನಕ್ಷತ್ರಜಾಲ ಕಠಿಣವಾದುದು. ಪರ್ಷಿಯಾ, ಮಧ್ಯ ಏಷ್ಯಾಗಳ ಕುಶಲಕರ್ಮಿಗಳು ಗಿರಿಹ್ ಎಂಬ ಹೆಸರಿನ ಈ ಜಾಲಗಳ ನಕ್ಷೆಗಳನ್ನು ಸುರುಳಿಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು.

ಬಣ್ಣದ ಹಂಚಿಕೆಗೆ ಎತ್ತರ ಮತ್ತು ಬೆಳಕು ಆಧಾರ. ಗಾಢವಾದ ಅಂಗಳ ಚಾವಣಿಯನ್ನು ತಗ್ಗಿದಂತೆ ಕಾಣಿಸುತ್ತದೆ. ತಿಳಿ ಅಂಗಳಕ್ಕೆ ಗಾಢ ಅಂಚು ಕೊಟ್ಟರೆ ಎತ್ತರ ಉಳಿಯುತ್ತದೆ. ಕಿಟಕಿಯ ಬೆಳಕು ನೆಲಕ್ಕೆ ಬಿದ್ದು ಪುಟಿದು ಚಾವಣಿಗೆ ತಾಗುವುದರಿಂದ ಕೆಂಪು ಗಾರೆನೆಲದ ಕೋಣೆಯಲ್ಲಿ ಬಿಳಿ ಬಣ್ಣಕ್ಕೂ ನಸುಗೆಂಪು ಛಾಯೆ ಬರುತ್ತದೆ. ಭಾರತದ ಕೋಣೆಗಳಲ್ಲಿ ಇನ್ನೊಂದು ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು: ಫ್ಯಾನು. ಸಾಮಾನ್ಯ ಫ್ಯಾನಿನ ರೆಕ್ಕೆಗಳು 1,200 ಮಿಲಿಮೀಟರ್ ವ್ಯಾಸದಲ್ಲಿ ತಿರುಗುತ್ತವೆ. ನಡುವಿನ ಪದ್ಮ ಅದಕ್ಕಿಂತ ಚಿಕ್ಕದಾದರೆ ರೆಕ್ಕೆಗಳ ಹಿಂದೆ ಮರೆಯಾಗುತ್ತದೆ, ಕಪ್ಪುಬಿಳುಪಿನ ಪಟ್ಟೆಗಳಾದರೆ ಫ್ಯಾನು ತಿರುಗುವಾಗ ಕಣ್ಣಿಗೆ ಮಿನುಗುತ್ತದೆ. ಫ್ಯಾನಿನ ಕೊಕ್ಕೆ ಯಾವಾಗಲೂ ಕರ್ಣಗಳು ಸಂಧಿಸುವ ಬಿಂದುವಿನಲ್ಲೇ ಇರುವುದಿಲ್ಲ. ನಾಲ್ಕೈದು ಅಂಗುಲ ಸರಿದಿದ್ದರೆ ಪದ್ಮದ ನಡುವನ್ನು ಕೊಕ್ಕೆಗೇ ಇಟ್ಟು, ವ್ಯತ್ಯಾಸವನ್ನು ಅಂಚಿಗೆ ಹಂಚುವುದು ವಾಡಿಕೆ. ನೋಡುವವರ ಕಣ್ಣು ಅಳೆಯುವುದು ಕೊಕ್ಕೆಯಿಂದ, ಗೋಡೆಯಿಂದಲ್ಲ.

ಬಗೆಗಳು

ವಿನ್ಯಾಸದ ಹರಹನ್ನು ಅನುಸರಿಸಿ ಈ ಅಲಂಕಾರಗಳನ್ನು ಹೀಗೆ ವಿಂಗಡಿಸಬಹುದು. ಕೇಂದ್ರ ವಿನ್ಯಾಸದಲ್ಲಿ ನಡುವಿನ ಪದ್ಮ ಅಥವಾ ನಕ್ಷತ್ರವೇ ಪ್ರಧಾನ, ಉಳಿದ ಭಾಗ ಖಾಲಿ. ಅಂಚು ವಿನ್ಯಾಸದಲ್ಲಿ ಇದು ತಿರುಗುಮುರುಗು. ಪೂರ್ಣ ವಿನ್ಯಾಸದಲ್ಲಿ ಘಟಕಗಳು ಅಂಗಳದ ತುಂಬ ಹರಡುತ್ತವೆ. ತೊಲೆ ವಿನ್ಯಾಸ ಮರದ ರಚನೆಯನ್ನೇ ಅನುಸರಿಸುತ್ತದೆ. ಇದರಲ್ಲಿ ತೊಲೆಯ ಅಡಿಮೈಗೆ ಒಂದು ಪಟ್ಟಿ, ಪಕ್ಕದ ಮೈಗಳಿಗೆ ಇನ್ನೊಂದು, ನಡುವಿನ ಹಲಗೆಗಳಿಗೆ ಘಟಕಗಳು. ಭ್ರಮಾ ವಿನ್ಯಾಸ ಸಮತಟ್ಟು ಮೈ ಮೇಲೆ ಗುಳಿಚೌಕಗಳಿರುವಂತೆ ನೆರಳು ಬೆಳಕಿನಿಂದ ತೋರಿಸುತ್ತದೆ. ನೆರಳು ಕೋಣೆಯ ನಿಜವಾದ ಕಿಟಕಿಯ ಬೆಳಕಿಗೆ ಹೊಂದಿದರೆ ಮಾತ್ರ ಭ್ರಮೆ ನಿಲ್ಲುತ್ತದೆ.

ಮಾಧ್ಯಮದ ದೃಷ್ಟಿಯಿಂದ ಹಸಿಗಾರೆ ಚಿತ್ರ, ಒಣಗಾರೆ ಚಿತ್ರ, ಮರದ ಮೇಲಿನ ಅಂಟುಬಣ್ಣ, ಎಣ್ಣೆಬಣ್ಣ, ಬಟ್ಟೆ ಅಥವಾ ಕಾಗದದ ಮೇಲೆ ಬರೆದು ಚಾವಣಿಗೆ ಅಂಟಿಸುವುದು, ಸ್ಟೆನ್ಸಿಲ್ ಎಂಬ ಬಗೆಗಳಿವೆ.

ಸಾಮಗ್ರಿ

ಹಳೆಯ ಚಾವಣಿಗಳ ಬಣ್ಣಗಳು ಬಹುಪಾಲು ಮಣ್ಣಿನವು. ಬಿಳುಪಿಗೆ ಸುಣ್ಣ ಅಥವಾ ಸೀಮೆಸುಣ್ಣ, ಕೆಂಪಿಗೆ ಕಾವಿ, ಹಳದಿಗೆ ಹಳದಿಮಣ್ಣು, ಕಪ್ಪಿಗೆ ದೀಪದ ಮಸಿ, ನೀಲಿಗೆ ನೀಲಿಗಿಡದ ಬಣ್ಣ ಅಥವಾ ದುಬಾರಿಯಾದ ಲಾಜವರ್ದ ಕಲ್ಲು. ಕೃತಕ ಅಲ್ಟ್ರಾಮರೀನ್ ನೀಲಿಯನ್ನು 1820ರ ದಶಕದಲ್ಲಿ ಫ್ರಾನ್ಸಿನಲ್ಲಿ ಕಂಡುಹಿಡಿದ ಮೇಲೆ ನೀಲಿ ಅಗ್ಗವಾಯಿತು. 19ನೆಯ ಶತಮಾನದ ಯೂರೋಪಿನ ಕೆಲವು ಹೊಳಪು ಹಸಿರುಗಳಲ್ಲಿ ಆರ್ಸೆನಿಕ್ ಇದ್ದು, ಅವು ವಿಷಕಾರಿಯಾಗಿದ್ದವು. ಸುಣ್ಣದ ಹಸಿಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ಒಣಮೈಗೆ ಗೋಂದು, ಸರೇಸು, ಮೊಟ್ಟೆಯ ಲೋಳೆ ಅಥವಾ ಎಣ್ಣೆ ಬೇಕು.

ಇಂದಿನ ಮನೆಗಳಲ್ಲಿ ನೀರು ಬೆರೆಸಿ ತೆಳುಗೊಳಿಸುವ ಅಕ್ರಿಲಿಕ್ ಎಮಲ್ಷನ್ ಸಾಮಾನ್ಯ. ಕಡಿಮೆ ಬೆಲೆಗೆ ಡಿಸ್ಟೆಂಪರ್. ಚಾವಣಿಗೆ ಹೊಳಪಿಲ್ಲದ ಬಣ್ಣವನ್ನೇ ಆರಿಸುತ್ತಾರೆ. ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಹೊಳಪುಬಣ್ಣ ಗಿಲಾವಿನ ಪ್ರತಿಯೊಂದು ಏರುತಗ್ಗನ್ನೂ ತೋರಿಸಿಬಿಡುತ್ತದೆ.

ಕೆಲಸದ ಕ್ರಮ

ಹೊಸ ಸಿಮೆಂಟ್ ಗಿಲಾವು ಕನಿಷ್ಠ ನಾಲ್ಕು ವಾರ ಒಣಗಬೇಕು. ಹಳೆಯ ಚಾವಣಿಯಾದರೆ ಮೊದಲು ಸೋರಿಕೆ ನಿಲ್ಲಿಸಿ, ಸಡಿಲವಾದ ಸುಣ್ಣ ಕೆರೆದು, ಬಿರುಕು ತುಂಬಬೇಕು. ಆಮೇಲೆ ಎರಡು ಕೈ ಪುಟ್ಟಿ, ಉಪ್ಪುಕಾಗದದಿಂದ ಉಜ್ಜುವುದು, ಪ್ರೈಮರ್, ತಳಬಣ್ಣ ಎರಡು ಕೈ. ತಳಬಣ್ಣ ಒಂದು ದಿನವಾದರೂ ಒಣಗದೆ ಅಂಟುಪಟ್ಟಿ ಹಚ್ಚಿದರೆ, ಪಟ್ಟಿ ಕೀಳುವಾಗ ಬಣ್ಣವೂ ಎದ್ದುಬರುತ್ತದೆ.

ಗುರುತು ಹಾಕುವುದೇ ಈ ಕೆಲಸದ ದೀರ್ಘ ಭಾಗ. ಎದುರುಬದುರು ಮೂಲೆಗಳಿಂದ ಕರ್ಣಗಳನ್ನು ಎಳೆದು ನಡುಬಿಂದು ಗೊತ್ತುಮಾಡುತ್ತಾರೆ. ಗೆರೆ ಹಾಕಲು ದಾರಕ್ಕೆ ಬಣ್ಣದ ಪುಡಿ ಸವರಿ, ಎರಡು ತುದಿಗಳಲ್ಲಿ ಇಬ್ಬರು ಬಿಗಿಯಾಗಿ ಹಿಡಿದು, ನಡುವೆ ಮಿಡಿಯುತ್ತಾರೆ. ನಡುಗೆರೆಗಳು ಲಂಬವಾಗಿವೆಯೇ ಎಂಬುದನ್ನು 3, 4, 5 ಅಡಿಗಳ ತ್ರಿಕೋನದಿಂದ ಪರೀಕ್ಷಿಸುತ್ತಾರೆ. ಈಗ ಲೇಸರ್ ಮಟ್ಟವೂ ಬಳಕೆಯಲ್ಲಿದೆ. ಜಟಿಲ ವಿನ್ಯಾಸವನ್ನು ನೆಲದ ಮೇಲೆ ನಿಜಗಾತ್ರದಲ್ಲಿ ಬರೆದು, ತೂಗುಗುಂಡಿನ ನೆರವಿನಿಂದ ಬಿಂದುಗಳನ್ನು ಚಾವಣಿಗೆ ಏರಿಸುವ ಕ್ರಮವೂ ಉಂಟು. ಹೀಗೆ ಮಾಡುವಾಗ ನೆಲದ ಮೇಲೆ ಬಲಕ್ಕೆ ತಿರುಗುವ ಆಕೃತಿ ಕೆಳಗಿನಿಂದ ನೋಡಿದಾಗ ಎಡಕ್ಕೆ ತಿರುಗಿದಂತೆ ಕಾಣುತ್ತದೆ. ಸ್ವಸ್ತಿಕ, ಸುರುಳಿಗಳಂಥ ಘಟಕಗಳಿದ್ದರೆ ನೆಲದ ನಕ್ಷೆಯನ್ನೇ ತಿರುವಿ ಬರೆಯಬೇಕು. ಮರುಕಳಿಸುವ ಘಟಕಕ್ಕೆ ಸೂಜಿಯಿಂದ ತೂತು ಹಾಕಿದ ಕಾಗದವಿಟ್ಟು, ಇದ್ದಿಲಿನ ಪುಡಿ ಕಟ್ಟಿದ ಬಟ್ಟೆಯ ಗಂಟನ್ನು ತಟ್ಟಿ ಚುಕ್ಕಿಗೆರೆ ಮೂಡಿಸುವುದು ಹಳೆಯ ವಿಧಾನ.

ಬಣ್ಣ ತುಂಬುವುದು ನಡುವಿನಿಂದ ಹೊರಕ್ಕೆ. ನೇರ ಅಂಚಿಗಾಗಿ ಅಂಟುಪಟ್ಟಿ ಹಚ್ಚಿ, ಅದರ ಬದಿಗೆ ಮೊದಲು ತಳಬಣ್ಣವನ್ನೇ ಒಮ್ಮೆ ಸವರುತ್ತಾರೆ. ಪಟ್ಟಿಯಡಿ ನುಸುಳುವುದೇನಿದ್ದರೂ ತಳಬಣ್ಣವೇ ಆಗಿ, ಮೇಲಿನ ಬಣ್ಣದ ಅಂಚು ಕತ್ತರಿಸಿದಂತೆ ಉಳಿಯುತ್ತದೆ. ಬಣ್ಣ ಪೂರ್ತಿ ಒಣಗುವ ಮೊದಲೇ ಪಟ್ಟಿಯನ್ನು ಹಿಂದಕ್ಕೆ ಮಡಿಸಿದಂತೆ ನಿಧಾನವಾಗಿ ಎಳೆಯಬೇಕು. ಸ್ಟೆನ್ಸಿಲ್‌ಗೆ ಬಣ್ಣ ಬಹುತೇಕ ಒರೆಸಿದ ಗಿಡ್ಡ ಕೂದಲಿನ ಕುಂಚದಿಂದ ತಟ್ಟುತ್ತಾರೆ. ಹೆಚ್ಚು ಬಣ್ಣವಿದ್ದರೆ ಹಾಳೆಯ ಅಡಿಗೆ ಹರಡುತ್ತದೆ. ತೀರ ಸಣ್ಣ ಗೆರೆಗಳು ಕೆಳಗಿನಿಂದ ಮಸುಕಾಗುವುದರಿಂದ ಗೆರೆಯ ದಪ್ಪವನ್ನು ನೆಲದಲ್ಲಿ ನಿಂತು ನೋಡಿಯೇ ನಿರ್ಧರಿಸಬೇಕು. ತಲೆಯೆತ್ತಿ ಬಹಳ ಹೊತ್ತು ದುಡಿಯುವುದು ಕತ್ತು, ಭುಜಗಳಿಗೆ ಶ್ರಮ. ಏಣಿಗಿಂತ ಹಲಗೆ ಹಾಸಿದ ಸಾರವೆ ಸುರಕ್ಷಿತ. ಕೆಲಸದ ವೇಳೆ ಫ್ಯಾನಿನ ವಿದ್ಯುತ್ತನ್ನು ಮೇನ್‌ನಲ್ಲೇ ಆರಿಸಿರಬೇಕು.

ಬಳಕೆ

ಉಬ್ಬುಗಾರೆ, ಕೆತ್ತನೆಗಳಿಗೆ ಹೋಲಿಸಿದರೆ ಬಣ್ಣದ ಅಲಂಕಾರಕ್ಕೆ ಖರ್ಚು ಕಡಿಮೆ, ಚಾವಣಿಯ ಮೇಲೆ ಭಾರವಿಲ್ಲ, ಬೇಡವಾದಾಗ ಮೇಲೆ ಬೇರೆ ಬಣ್ಣ ಬಳಿಯಬಹುದು. ಹೆಚ್ಚಾಗಿ ಹಜಾರ, ದೇವರಮನೆ, ಮಕ್ಕಳ ಕೋಣೆ, ಊಟದ ಮೇಜಿನ ಮೇಲ್ಭಾಗಗಳಲ್ಲಿ ಬಳಸುತ್ತಾರೆ. ಉದ್ದವಾದ ಇಕ್ಕಟ್ಟು ಕೋಣೆಗೆ ಅಡ್ಡಪಟ್ಟೆಗಳನ್ನು ಕೊಟ್ಟರೆ ಅಗಲವಾದಂತೆ ತೋರುತ್ತದೆ. ನಡುಗೋಡೆಯಿಲ್ಲದ ದೊಡ್ಡ ಹಜಾರದಲ್ಲಿ ಕೂರುವ, ಉಣ್ಣುವ ಜಾಗಗಳನ್ನು ಬೇರ್ಪಡಿಸಲೂ ಚಾವಣಿಯ ವಿನ್ಯಾಸ ಒದಗುತ್ತದೆ. ಬಚ್ಚಲು, ಅಡಿಗೆಮನೆಗಳಲ್ಲಿ ಆವಿ ಮತ್ತು ಜಿಡ್ಡಿನಿಂದಾಗಿ ಸೂಕ್ಷ್ಮ ಕೆಲಸ ಬಾಳುವುದಿಲ್ಲ.

ಹಾಳಾಗುವಿಕೆ ಮತ್ತು ಸಂರಕ್ಷಣೆ

ಚಾವಣಿ ಚಿತ್ರದ ಮೊದಲ ಶತ್ರು ಮೇಲಿನಿಂದ ಇಳಿಯುವ ನೀರು. ತೇವ ಗಿಲಾವಿನೊಳಗಿನ ಲವಣಗಳನ್ನು ಮೈಗೆ ತಂದು ಬಿಳಿ ಹುಡಿಯಾಗಿಸುತ್ತದೆ, ಬಣ್ಣ ಹಕ್ಕಳೆಯಾಗಿ ಏಳುತ್ತದೆ. ದೀಪ, ಊದುಬತ್ತಿ, ಒಲೆಗಳ ಮಸಿ, ಮರಕ್ಕೆ ಗೆದ್ದಲು, ಬಾವಲಿಗಳ ಹಿಕ್ಕೆ ಉಳಿದ ಕಾರಣಗಳು. ಮಾಡು ಬದಲಿಸುವಾಗ ಮರದ ಚಾವಣಿಯನ್ನೇ ಕಳಚಿ ಮಾರಿಬಿಡುವುದರಿಂದ ಆದ ನಷ್ಟವೂ ಕಡಿಮೆಯದಲ್ಲ. ಅಂಟುಬಣ್ಣದ ಚಿತ್ರಗಳನ್ನು ಒದ್ದೆಬಟ್ಟೆಯಿಂದ ಒರೆಸಬಾರದು. ನೀರು ತಾಗಿದರೆ ಅಂಟೇ ಕರಗುತ್ತದೆ. ಪರಿಣತರು ಮೊದಲು ಸೋರಿಕೆಯನ್ನು ತಡೆದು, ಎದ್ದ ಹಕ್ಕಳೆಗಳನ್ನು ಕೂರಿಸಿ, ಕಳೆದುಹೋದ ಭಾಗಕ್ಕೆ ಹೊಸದೆಂದು ಗುರುತು ಸಿಗುವಂಥ ತಿಳಿಬಣ್ಣ ತುಂಬುತ್ತಾರೆ. ಸುಣ್ಣದ ಪದರಗಳಡಿ ಹಳೆಯ ಚಿತ್ರ ಇರಬಹುದಾದ ಮನೆಗಳಲ್ಲಿ ಕೆರೆಯುವ ಮುನ್ನ ಒಂದು ಚಿಕ್ಕ ಭಾಗವನ್ನು ಪದರ ಪದರವಾಗಿ ಬಿಡಿಸಿ ನೋಡುವುದು ವಾಡಿಕೆ.

ಇಂದಿನ ಸ್ಥಿತಿ

ಭಾರತದ ನಗರಗಳಲ್ಲಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಜಿಪ್ಸಮ್ ಹಲಗೆಗಳ ತೂಗುಚಾವಣಿ, ಅದರ ಸಂದಿಗಳಲ್ಲಿ ಎಲ್‌ಇಡಿ ದೀಪಪಟ್ಟಿ ಇಂದಿನ ಪ್ರಧಾನ ರೂಢಿ. ಬಣ್ಣ ಬರೆಯುವುದರ ಜಾಗವನ್ನು ಅವು ಬಹುಮಟ್ಟಿಗೆ ಆಕ್ರಮಿಸಿವೆ. ಮುದ್ರಿತ ವಿನೈಲ್ ಹಾಳೆ, ಅಂಟುಚಿತ್ರಗಳೂ ಪೈಪೋಟಿಗೆ ಇವೆ. ಇನ್ನೊಂದೆಡೆ ಬಣ್ಣದ ಕಂಪನಿಗಳು ಸಿದ್ಧ ಸ್ಟೆನ್ಸಿಲ್‌ಗಳನ್ನು ಮಾರುತ್ತಿವೆ, ಗಣಕದಲ್ಲಿ ಬರೆದ ವಿನ್ಯಾಸವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಲೇಸರ್‌ನಿಂದ ಕತ್ತರಿಸಿಕೊಳ್ಳಬಹುದಾಗಿದೆ. ಇದರಿಂದ ಕುಶಲಕರ್ಮಿಯ ನೆರವಿಲ್ಲದೆ ಮನೆಯವರೇ ಚಾವಣಿಗೆ ಬಣ್ಣ ಬರೆದುಕೊಳ್ಳುವುದು ಸಾಧ್ಯವಾಗಿದೆ. ಮೊರಾಕೊ ಮತ್ತು ಕಾಶ್ಮೀರಗಳಲ್ಲಿ ಪಾರಂಪರಿಕ ಕಸುಬು ವಾಸದ ಮನೆಗಳ ಜೊತೆಗೆ ಹೋಟೆಲುಗಳ ಬೇಡಿಕೆಯಿಂದಲೂ ಮುಂದುವರಿದಿದೆ. ಕರ್ನಾಟಕದಲ್ಲಿ ಹಸೆ ಚಿತ್ತಾರದ ಕಲಾವಿದರು ಈಗ ಬಟ್ಟೆ, ಕಾಗದ, ಹೊಸ ಮನೆಗಳ ಗೋಡೆಗಳ ಮೇಲೂ ಬರೆಯುತ್ತಾರೆ.

ಭಾರತ ಸರ್ಕಾರ 2016ರಲ್ಲಿ ಹೊರಡಿಸಿದ ನಿಯಮಗಳು ಮನೆಬಳಕೆಯ ಮತ್ತು ಅಲಂಕಾರದ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು ವಿಧಿಸಿವೆ. ಅದಕ್ಕೂ ಹಿಂದಿನ ಎಣ್ಣೆಬಣ್ಣ ಬಳಿದ ಜಂತೆ, ಹಲಗೆಗಳನ್ನು ಒಣ ಉಪ್ಪುಕಾಗದದಿಂದ ಉಜ್ಜಿದರೆ ಸೀಸದ ಧೂಳು ಕೋಣೆಯಲ್ಲಿ ಹರಡುವ ಅಪಾಯವಿದೆ. ಅಂಥ ಮೈಯನ್ನು ಒದ್ದೆ ಮಾಡಿ ಉಜ್ಜುವುದು, ಮುಖಗವುಸು ಧರಿಸುವುದು, ಕೆಲಸ ಮುಗಿಯುವವರೆಗೆ ಮಕ್ಕಳು, ಗರ್ಭಿಣಿಯರನ್ನು ಆ ಕೋಣೆಯಿಂದ ದೂರ ಇಡುವುದು ಅಗತ್ಯ.